ಡೆವನ್‌ನ ಮಾಟಗಾತಿಯರೂ ನಮ್ಮ ದುರುಗವ್ವನೂ

ಮೊದಲ ದಿನ: ಜೋನ್‌ಳ ಅಡುಗೆಮನೆ

ಹೋದ ಮೊದಲ ದಿನವೇ ನಾನು ಅವರ ದೇವರ ಚಾಕುವಿನಿಂದ ಹಸಿಮೆಣಸಿನಕಾಯಿ ಹೆಚ್ಚಿಬಿಟ್ಟೆ.

ಹೈದರಾಬಾದಿನಿಂದ ಎರಡು ವಿಮಾನ, ಆಮೇಲೆ ಒಂದು ರೈಲು, ಒಂದು ಬಸ್ಸು. ಇಂಗ್ಲೆಂಡಿನ ಪಡುವಣ ಮೂಲೆಯ ಡೆವನ್ ಸೀಮೆಯಲ್ಲಿ, ಗುಡ್ಡದ ಮಗ್ಗುಲಿಗೆ ಅಂಟಿಕೊಂಡ ಒಂದು ಸಣ್ಣ ಹಳ್ಳಿ. ಗೆಳತಿ ಜೋನ್‌ಳ ಮನೆ ಮುಟ್ಟಿದಾಗ ಅಲ್ಲಿ ಮಧ್ಯಾಹ್ನ ಮೂರು ಗಂಟೆ, ನನ್ನ ಹೊಟ್ಟೆಯಲ್ಲಿ ರಾಯಚೂರಿನ ಏಳೂವರೆ. ಅವಳು ಹಾಲು ತರಲು ಅಂಗಡಿಗೆ ಹೋದಳು. ಅಷ್ಟರಲ್ಲಿ ಚೀಲದಲ್ಲಿ ತಂದಿದ್ದ ಮಂಡಾಳಿಗೆ, ಅಂದರೆ ಮಂಡಕ್ಕಿಗೆ, ಒಗ್ಗರಣೆ ಹಾಕಿಬಿಡೋಣ ಎಂದು ನಾನು ಸೆರಗು ಸಿಕ್ಕಿಸಿ ನಿಂತೆ.

ಕಿಟಕಿಯ ಕೆಳಗೆ ಒಂದು ಪುಟ್ಟ ಮೇಜಿತ್ತು. ಅದರ ಮೇಲೆ ಬಟ್ಟಲಲ್ಲಿ ನೀರು, ತಟ್ಟೆಯಲ್ಲಿ ಉಪ್ಪು, ಎರಡು ಮೇಣದ ಬತ್ತಿ, ಒಂದು ತುಂಡು ಜಿಂಕೆ ಕೊಂಬು, ಮಣ್ಣಿನ ಹೆಣ್ಣುಗೊಂಬೆ, ಒಣಗಿದ ಎಲೆಗಳು, ಕಪ್ಪು ಹಿಡಿಯ ಚಾಕು. ಒಂಟಿ ಹೆಂಗಸಿನ ಮನೆ, ಸಾಮಾನು ಹರವಿಕೊಂಡಿದ್ದಾಳೆ ಅಂದುಕೊಂಡೆ. ನೀರನ್ನು ಚೆಲ್ಲಿ ಬಟ್ಟಲು ತೊಳೆದೆ, ಉಪ್ಪನ್ನು ಡಬ್ಬಿಗೆ ಸುರಿದೆ, ಎಲೆಗಳನ್ನು ಕಸದ ಬುಟ್ಟಿಗೆ ಹಾಕಿದೆ. ಚಾಕು ಕೈಗೆ ಸಿಕ್ಕಿತ್ತು, ಮೆಣಸಿನಕಾಯಿ ಹೆಚ್ಚಿದೆ.

ಜೋನ್ ಹಾಲಿನ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತವಳು ಮೇಜನ್ನು ನೋಡಿದಳು, ನನ್ನ ಕೈಯಲ್ಲಿದ್ದ ಚಾಕುವನ್ನು ನೋಡಿದಳು. ಆಮೇಲೆ ನಗುತ್ತಾ ನಗುತ್ತಾ ಕುರ್ಚಿ ಹುಡುಕಿ ಕೂತಳು.

"ತಂಗಿ, ಅದು ದೇವರ ಜಗಲಿ."

ಇಪ್ಪತ್ತು ವರ್ಷಕ್ಕೂ ಹಿಂದೆ ಅವಳು ನಮ್ಮಂಥ ನರ್ಸುಗಳಿಗೆ ತರಬೇತಿ ಕೊಡಲು ರಾಯಚೂರಿಗೆ ಬಂದಿದ್ದಳು. ಒಂದು ವರ್ಷ ನಮ್ಮ ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿದ್ದಳು. ಆಗ ಕಲಿತ ನಾಲ್ಕು ಮಾತು ಕನ್ನಡ ಅವಳ ಬಾಯಲ್ಲಿ ಹಾಗೇ ಉಳಿದಿದೆ. ಇಬ್ಬರೂ ನಿವೃತ್ತರಾದ ಮೇಲೆ, ಮೊಣಕಾಲು ಪೂರ್ತಿ ಕೈಕೊಡುವ ಮೊದಲು ಒಮ್ಮೆ ಬಂದು ಹೋಗು ಎಂದು ಬರೆದಿದ್ದಳು. ಅದಕ್ಕೇ ಬಂದಿದ್ದೆ.

ಆ ಚಾಕು ಏನನ್ನೂ ಕತ್ತರಿಸುವಂಥದ್ದಲ್ಲವಂತೆ. ಪೂಜೆಯ ಹೊತ್ತಿನಲ್ಲಿ ಗಾಳಿಯಲ್ಲಿ ಒಂದು ಸುತ್ತು ಗೆರೆ ಎಳೆಯುವುದಕ್ಕಷ್ಟೇ. ಅವಳು ಅದನ್ನು ನಲ್ಲಿಯ ಕೆಳಗೆ ತೊಳೆದು, ಒರೆಸಿ, ಮತ್ತೆ ಅಲ್ಲೇ ಇಟ್ಟಳು. ಶುದ್ಧಿ ಇಲ್ಲ, ಪ್ರಾಯಶ್ಚಿತ್ತ ಇಲ್ಲ. ನನಗೆ ನಾಚಿಕೆಯ ಜೊತೆಗೆ ಇನ್ನೊಂದು ನೆನಪೂ ಬಂತು. ದೇವದುರ್ಗದ ಕಡೆಯ ನಮ್ಮೂರಲ್ಲಿ ನಮ್ಮ ಕೇರಿಯವರ ನೆರಳು ತಾಗಿದರೆ ಗುಡಿಯ ಕಟ್ಟೆ ತೊಳೆಯುತ್ತಿದ್ದರು. ಇಲ್ಲಿ ಇಡೀ ಜಗಲಿಯನ್ನೇ ಕೆಡಿಸಿದ್ದೆ. ಮನೆಯೊಡತಿ ಒಗ್ಗರಣೆ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದಳು.

ಇದು ಯಾವ ದೇವರು ಎಂದು ಕೇಳಿದೆ. ಅವಳು ತಿನ್ನುತ್ತಲೇ ಹೇಳಿದಳು, ತಾನು ವಿಚ್ ಎಂದು. ವಿಚ್ ಎಂದರೆ ಮಾಟಗಾತಿ. ನಾನು ನನ್ನ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡೆ. ರಾಯಚೂರಿನಲ್ಲಿದ್ದಾಗಲೇ ಹೇಳಬೇಕೆಂದಿದ್ದಳಂತೆ. ಆ ಪದಕ್ಕೆ ನಮ್ಮ ಕಡೆ ಏನರ್ಥವೆಂದು ವಾರ್ಡಿನಲ್ಲಿ ಕೇಳಿ ತಿಳಿದ ಮೇಲೆ ಬಾಯಿ ಮುಚ್ಚಿಕೊಂಡಳಂತೆ.

ಮೂರನೆಯ ದಿನ: ಓಕ್ ಮರದ ಬುಡದಲ್ಲಿ

ಎರಡು ದಿನ ನಾನು ಅವಳನ್ನು ಓರೆಗಣ್ಣಿನಿಂದಲೇ ನೋಡಿದೆ. ಜೋನ್ ಬೆಳಿಗ್ಗೆ ಎದ್ದು ಬೆಕ್ಕಿಗೆ ತಿನ್ನಲು ಹಾಕುತ್ತಿದ್ದಳು, ಮೊಣಕಾಲಿಗೆ ಮುಲಾಮು ತಿಕ್ಕುತ್ತಿದ್ದಳು, ರೇಡಿಯೋದಲ್ಲಿ ಸುದ್ದಿ ಕೇಳಿ ಮಂತ್ರಿಗಳನ್ನು ಬೈಯುತ್ತಿದ್ದಳು. ಬಾಗಿಲ ಹಿಂದೆ ಪೊರಕೆ ಇತ್ತು. ಅದರಿಂದ ಕಸ ಗುಡಿಸುತ್ತಿದ್ದಳು.

ಮೂರನೆಯ ದಿನ ಕಾಡಿಗೆ ಕರೆದುಕೊಂಡು ಹೋದಳು. ನೂರು ಹೆಜ್ಜೆಗೆ ನನ್ನ ಒಂದು ಚಪ್ಪಲಿಯನ್ನು ಕೆಸರು ನುಂಗಿತು. ಮನೆಗೆ ಮರಳಿ ಅವಳ ಗಮ್‌ಬೂಟಿಗೆ ಮೂರು ಜೊತೆ ಕಾಲುಚೀಲ ತುರುಕಿ ಹಾಕಿಕೊಂಡೆ. ಸೀರೆ, ಮೇಲೆ ಸ್ವೆಟರು, ಕೆಳಗೆ ಗಮ್‌ಬೂಟು. ಎದುರಾದವರೆಲ್ಲ ನಾಯಿ ಹಿಡಿದು ಬರುತ್ತಿದ್ದರು, ಮಳೆಯ ಬಗ್ಗೆ ಒಂದು ಮಾತಾಡಿ ಹೋಗುತ್ತಿದ್ದರು. ಯಾವ ಊರು, ಯಾರ ಪೈಕಿ ಎಂದು ಒಬ್ಬರೂ ಕೇಳಲಿಲ್ಲ. ಮೊದಲು ಹಾಯೆನಿಸಿತು. ಆಮೇಲೆ, ಯಾರಾದರೂ ಕೇಳಬಾರದೇ ಅನಿಸಿತು.

ದೊಡ್ಡ ಓಕ್ ಮರವೊಂದರ ಬುಡಕ್ಕೆ ಬಂದಾಗ ಜೋನ್ ಅದರ ಮೈಗೆ ಅಂಗೈ ಇಟ್ಟು, ಹಿರಿಯರನ್ನು ಮಾತಾಡಿಸುವಂತೆ ಏನೋ ಹೇಳಿದಳು. ನಾನು ಪಕ್ಕದಲ್ಲಿ ಬಿದ್ದಿದ್ದ ದಿಮ್ಮಿಯ ಮೇಲೆ ಕೂತು ಒಂದೊಂದಾಗಿ ಎಲ್ಲ ಕೇಳಿದೆ.

ಅವಳು ಹೇಳಿದ್ದಿಷ್ಟು. ಈ ನೆಲವೇ ಪವಿತ್ರ, ದೇವರಿಗಾಗಿ ಮೇಲೆ ನೋಡಬೇಕಿಲ್ಲ. ಅವರಿಗೊಬ್ಬ ದೇವಿಯಿದ್ದಾಳೆ, ಕೊಂಬಿನ ದೇವರೊಬ್ಬನಿದ್ದಾನೆ. ಕೆಲವರು ಅವರನ್ನು ಖಂಡಿತ ಇದ್ದಾರೆಂದು ನಂಬುತ್ತಾರೆ, ಕೆಲವರಿಗೆ ಅವು ಹುಟ್ಟು ಸಾವುಗಳಿಗೆ ಇಟ್ಟ ಹೆಸರು ಮಾತ್ರ. ವರ್ಷಕ್ಕೆ ಎಂಟು ಹಬ್ಬ, ಎಲ್ಲವೂ ಸೂರ್ಯನ ಮತ್ತು ಬೆಳೆಯ ಲೆಕ್ಕದವು. ಗ್ರಂಥವಿಲ್ಲ, ಪೀಠವಿಲ್ಲ, ಯಾರನ್ನೂ ತಮ್ಮ ಧರ್ಮಕ್ಕೆ ಕರೆಯುವುದಿಲ್ಲ. ಸೈತಾನ ಅವರಲ್ಲಿ ಇಲ್ಲವೇ ಇಲ್ಲ, ಅವನು ಚರ್ಚಿನವರ ಪೈಕಿ. ದೊಡ್ಡ ಕಟ್ಟಳೆ ಒಂದೇ. ಯಾರಿಗೂ ಕೇಡಾಗದಂತೆ ನಿನ್ನ ಮನಸ್ಸಿಗೆ ಬಂದಂತೆ ಬದುಕು. ಒಳ್ಳೆಯದೋ ಕೆಟ್ಟದ್ದೋ, ಕಳಿಸಿದ್ದು ಮೂರು ಪಟ್ಟಾಗಿ ನಿನ್ನ ಮನೆಗೇ ಮರಳುತ್ತದೆ ಎಂದೂ ಬಹಳ ಜನ ನಂಬುತ್ತಾರೆ.

ಮತ್ತೆ ಮಂತ್ರ ಹಾಕುತ್ತೀಯಲ್ಲ ಎಂದೆ. ಹಾಕುತ್ತೇನೆ ಎಂದಳು. ಪಕ್ಕದ ಮನೆಯ ಮುದುಕನಿಗೆ ನ್ಯುಮೋನಿಯಾ ಆದಾಗ ಮೊದಲು ಆಸ್ಪತ್ರೆಗೆ ಸೇರಿಸಿ, ಮನೆಗೆ ಬಂದು ಅವನಿಗಾಗಿ ದೀಪ ಹಚ್ಚಿದ್ದಳಂತೆ, ಅದೂ ಅವನನ್ನು ಕೇಳಿಯೇ. ಒಪ್ಪಿಗೆ ಇಲ್ಲದೆ ಒಳ್ಳೆಯದನ್ನೂ ಮಾಡಬಾರದು ಎಂಬುದು ಅವಳ ಮಾತು. ನಮ್ಮ ಆಪರೇಷನ್ ಥಿಯೇಟರಿನ ನಿಯಮವೂ ಅದೇ.

ಇನ್ನೊಂದು ಸಂಶಯ ನನ್ನ ನಾಲಿಗೆಯ ತುದಿಯಲ್ಲಿತ್ತು. ಇವರು ಬೆತ್ತಲೆ ಕುಣಿಯುತ್ತಾರೆಂದು ಎಲ್ಲೋ ಓದಿದ್ದೆ. ಕೇಳಿಯೇಬಿಟ್ಟೆ. ಕೆಲವು ಕಡೆ ಹಾಗೂ ಉಂಟು ಎಂದಳು. ಆಮೇಲೆ ನನ್ನ ಸ್ವೆಟರನ್ನೂ ತನ್ನ ಎರಡು ಕೋಟುಗಳನ್ನೂ ತೋರಿಸಿ, ಈ ಚಳಿಯಲ್ಲಿ ಯಾವ ದೇವಿಯೂ ಅದನ್ನು ಕೇಳುವುದಿಲ್ಲ ಎಂದಳು.

ನಾನು ಅವಳಿಗೆ ಎಳ್ಳಮಾವಾಸ್ಯೆಯ ಸಂಗತಿ ಹೇಳಿದೆ. ಹೊಲದಲ್ಲಿ ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು, ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಎಡೆ ಹಿಡಿದು, ನಾಲ್ಕೂ ದಿಕ್ಕಿಗೆ ಕೂಗುತ್ತಾ ಆ ಎಡೆಯನ್ನೇ ಹೊಲದ ತುಂಬ ಎರಚಿ ಚರಗ ಚೆಲ್ಲುವುದು. ನಮ್ಮಪ್ಪ ಬುದ್ಧನ ದೀಕ್ಷೆ ತೆಗೆದುಕೊಂಡು ಎಲ್ಲ ದೇವರನ್ನೂ ಕೆರೆಗೆ ಹಾಕಿದವನು, ಚರಗ ಮಾತ್ರ ಬಿಡಲಿಲ್ಲ. ಇದು ದೇವರಿಗಲ್ಲ, ನೆಲಕ್ಕೆ ಎನ್ನುತ್ತಿದ್ದ. ಜೋನ್ ಕೋಟಿನ ಜೇಬಿನಿಂದ ಪುಸ್ತಕ ತೆಗೆದು ಇದನ್ನು ಬರೆದುಕೊಂಡಳು.

ನಿಮ್ಮದು ಎಷ್ಟು ಹಳೆಯ ಧರ್ಮ ಎಂದು ಕೇಳಿದಾಗ ಅವಳು ಬಡಾಯಿ ಕೊಚ್ಚಲಿಲ್ಲ. ಸಾವಿರಾರು ವರ್ಷ ಎನ್ನುವವರಿದ್ದಾರೆ, ನಿಜವಾಗಿ ಈಗಿನ ರೂಪಕ್ಕೆ ತನ್ನ ತಾಯಿಯಷ್ಟೇ ವಯಸ್ಸು ಎಂದಳು. ಹಳೆಯ ಆಚರಣೆಯ ಚೂರು, ಪುಸ್ತಕದ ಚೂರು, ಕಲ್ಪನೆಯ ಚೂರು ಸೇರಿಸಿ ಹೊಲಿದದ್ದು. ನಮ್ಮ ಕೌದಿಯ ಹಾಗೆ ಎಂದೆ. ರಾಯಚೂರಿನಲ್ಲಿ ಅವಳು ಹೊದ್ದದ್ದು ನಮ್ಮವ್ವ ಹೊಲಿದ ಕೌದಿಯನ್ನೇ. ಹುಟ್ಟಿನಿಂದ ಬಂದದ್ದಲ್ಲ, ಕೈ ಚಾಚಿ ತೆಗೆದುಕೊಂಡದ್ದು ಎಂಬ ಕಾರಣಕ್ಕೆ ಅವಳ ಧರ್ಮ ನನಗೆ ಹತ್ತಿರದ್ದೆನಿಸಿತು. ನಮ್ಮ ಮನೆಯ ಧರ್ಮವೂ ನನ್ನ ಹತ್ತನೆಯ ವರ್ಷದಲ್ಲಿ ಬಂದದ್ದು. ಯಾಕೆ ಬಂತು ಎಂಬುದನ್ನು ಮಾತ್ರ ಆ ದಿನ ನಾನು ಹೇಳಲಿಲ್ಲ.

ಐದನೆಯ ದಿನ: ಚಹದ ಹೊತ್ತು

ಐದನೆಯ ದಿನ ಸಂಜೆ ಜೋನ್‌ಳ ಗುಂಪಿನವರು ಚಹಕ್ಕೆ ಬಂದರು. ಐದು ಜನ. ಒಬ್ಬ ಪೀಟರ್. ನೋಡಿದರೆ, ಮೊದಲ ದಿನ ನನ್ನ ಪೆಟ್ಟಿಗೆ ಎತ್ತಿಕೊಟ್ಟ ಬಸ್ಸಿನ ಡ್ರೈವರೇ ಅವನು. ಎಲ್ಲರೂ ನನಗಾಗಿ ಖಾರ ಹಾಕಿದ ಬಿಸ್ಕತ್ತು ಮಾಡಿ ತಂದಿದ್ದರು. ಅದರಲ್ಲಿ ಖಾರವೇನೂ ಇರಲಿಲ್ಲ, ಪಾಪ.

ಒಬ್ಬೊಬ್ಬರೂ ಹೆಸರು ಹೇಳಿ, ನಾನೂ ವಿಚ್, ನಾನೂ ವಿಚ್ ಎಂದು ಪರಿಚಯ ಮಾಡಿಕೊಂಡರು. ಪೀಟರ್ ಎದೆಯ ಮೇಲೆ ಕೈಯಿಟ್ಟು, ಹಿಂದಿನ ಕಾಲದಲ್ಲಿ ಮಾಟಗಾತಿಯರೆಂದು ಜನ ಕೊಂದ ಹೆಂಗಸರ ವಾರಸುದಾರರು ನಾವು ಎಂದ.

ನಾನು ಕಪ್ಪು ಕೆಳಗಿಟ್ಟೆ. ನಿಮ್ಮಲ್ಲಿ ಯಾರನ್ನಾದರೂ ಆ ಹೆಸರಿಟ್ಟು ಹೊಡೆದಿದ್ದಾರೆಯೇ ಎಂದು ಕೇಳಿದೆ. ಪೀಟರ್ ಇಲ್ಲವೆಂದು ತಲೆಯಾಡಿಸಿದ. ಆಗ ನಮ್ಮ ದೊಡ್ಡವ್ವ ದುರುಗವ್ವನ ಕಥೆ ಹೇಳಿದೆ.

ನಮ್ಮ ಸೀಮೆಯಲ್ಲಿ ಭಾನಾಮತಿ ಎಂದು ಒಂದು ಹೆದರಿಕೆ ಇದೆ. ಪೆಟ್ಟಿಗೆಯೊಳಗಿನ ಬಟ್ಟೆಗೆ ತಾನೇ ಬೆಂಕಿ ಹತ್ತಿತು, ಮಾಳಿಗೆಯ ಮೇಲೆ ಕಲ್ಲು ಬಿದ್ದವು, ಹೆಂಗಸೊಬ್ಬಳು ನಾಯಿಯಂತೆ ಬೊಗಳಿದಳು ಎಂದರೆ ಯಾರೋ ಭಾನಾಮತಿ ಮಾಡಿಸಿದ್ದಾರೆ ಎನ್ನುತ್ತಾರೆ. ಆಮೇಲೆ ಯಾರು ಎಂದು ಹುಡುಕುತ್ತಾರೆ. ದುರುಗವ್ವ ನಮ್ಮಪ್ಪನ ಅಣ್ಣನ ಹೆಂಡತಿ, ಗಂಡ ಸತ್ತವಳು, ನಾಲ್ಕು ಆಡು ಸಾಕಿಕೊಂಡು ಒಬ್ಬಳೇ ಮಗಳನ್ನು ಬೆಳೆಸುತ್ತಿದ್ದಳು. ಆ ವರ್ಷ ಕೇರಿಯ ಒಂದು ಹುಡುಗಿ ಜ್ವರದಲ್ಲಿ ಬಡಬಡಿಸತೊಡಗಿದಳು. ಹಿರಿಯರು ಸುತ್ತ ಕೂತು, ಕನಸಿನಲ್ಲಿ ಯಾರು ಬಂದಿದ್ದರು ಹೇಳು ಎಂದರು. ಹುಡುಗಿ ದುರುಗವ್ವನ ಹೆಸರು ಹೇಳಿದಳು. ಹಲ್ಲಿಲ್ಲದ ಬಾಯಿಯಿಂದ ಮಂತ್ರ ಉಚ್ಚಾರವಾಗುವುದಿಲ್ಲ ಎಂಬ ನಂಬಿಕೆ. ಅದೇ ಮಧ್ಯಾಹ್ನ ದೊಡ್ಡವ್ವನ ಮುಂದಿನ ಹಲ್ಲುಗಳನ್ನು ಕಲ್ಲಿನಿಂದ ಮುರಿದರು. ನಮ್ಮಪ್ಪ ಕೂಲಿಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಮಗಳನ್ನು ಕಟ್ಟಿಕೊಂಡು ಮಾನ್ವಿಗೆ ಹೋದಳು, ಮತ್ತೆ ಊರಿಗೆ ಕಾಲಿಡಲಿಲ್ಲ. ಅಪ್ಪ ದೇವರನ್ನು ಬಿಟ್ಟದ್ದು ಆ ವರ್ಷವೇ.

ನೀವು ಆ ಪದವನ್ನು ಬಳೆಯ ಹಾಗೆ ತೊಟ್ಟಿದ್ದೀರಿ ಎಂದೆ. ಮನೆಗೆ ಬಂದ ಅತಿಥಿ ಹಾಗೆ ಮಾತಾಡಬಾರದಿತ್ತು. ಪೀಟರ್‌ನ ಕಿವಿಗಳು ಕೆಂಪಾದವು. ಅವನು ವಾದ ಮಾಡಲಿಲ್ಲ. ಆ ಪದವನ್ನು ನಾವು ಬೈಗುಳದಿಂದ ಬಿಡಿಸಿಕೊಂಡೆವು ಎಂದುಕೊಂಡಿದ್ದೆ, ಬಿಡಿಸಿಕೊಂಡದ್ದು ನಮಗಷ್ಟೇ ಎಂದು ಗೊತ್ತಿರಲಿಲ್ಲ ಎಂದ. ಸ್ವಲ್ಪ ಹೊತ್ತಿಗೆ ಎಲ್ಲರೂ ಎದ್ದು ಹೋದರು.

ನಾನು ಕಪ್ಪು ತೊಳೆಯುತ್ತಿದ್ದೆ, ಜೋನ್ ಒರೆಸುತ್ತಿದ್ದಳು. ಅವಳು ನರ್ಸು. ರೋಗಿಯ ಕಥೆಯಲ್ಲಿ ಯಾವುದು ಬಿಟ್ಟುಹೋಗಿದೆ ಎಂಬುದು ಅವಳಿಗೆ ಗೊತ್ತಾಗುತ್ತದೆ.

"ಆ ಜ್ವರದ ಹುಡುಗಿ ಯಾರು?" ಎಂದು ಕೇಳಿದಳು.

"ನಾನೇ," ಎಂದೆ.

ನನಗೆ ಒಂಬತ್ತು ವರ್ಷ. ದೊಡ್ಡವ್ವ ಕನಸಿನಲ್ಲಿ ಬಂದದ್ದು ನಿಜ. ಸೆರಗಿನ ಗಂಟು ಬಿಚ್ಚಿ ಹುರಿದ ಶೇಂಗಾ ಕೊಟ್ಟಿದ್ದಳು. ಕೇಳಿದರು, ಹೇಳಿದೆ. ಅದು ತಲೆಗೇರಿದ ಮಲೇರಿಯಾ ಎಂದು ತಿಳಿದದ್ದು ನರ್ಸಿಂಗ್ ಓದುವಾಗ, ತರಗತಿಯ ನಡುವೆ. ಅಪ್ಪ ಅವ್ವ ಆ ಮಾತನ್ನು ಎತ್ತದೆಯೇ ತೀರಿಕೊಂಡರು. ನಾನೂ ಯಾರ ಮುಂದೆಯೂ ಹೇಳಿರಲಿಲ್ಲ.

ನೀನು ಆಗ ಮಗು ಎಂದು ಜೋನ್ ಸಮಾಧಾನ ಮಾಡುತ್ತಾಳೆಂದುಕೊಂಡೆ. ಮಾಡಲಿಲ್ಲ. ಇದನ್ನು ಯಾರಿಗೆ ಹೇಳಬೇಕೋ ಅವರಿಗೆ ಹೇಳಿದ್ದೀಯಾ ಎಂದು ಕೇಳಿದಳು. ದೊಡ್ಡವ್ವ ಸತ್ತು ಬಹಳ ವರ್ಷವಾಯಿತು ಎಂದೆ. ಬೇರೆ ಯಾರೂ ಇಲ್ಲವೇ ಎಂದಳು. ಅವಳು ಒರೆಸಿದ್ದ ಕಪ್ಪನ್ನೇ ತೆಗೆದುಕೊಂಡು ಮತ್ತೆ ತೊಳೆದೆ.

ಎಂಟನೆಯ ದಿನ: ಸಾವಿನ್

ಅಕ್ಟೋಬರ್ ಕೊನೆಯ ಅವರ ಹಬ್ಬದ ಹೆಸರು ಸಾವಿನ್. ಬರೆಯುವುದು ಬೇರೆ ಥರ, ಕರೆಯುವುದು ಹೀಗೆ. ಸುಗ್ಗಿ ಮುಗಿದು ಚಳಿ ಕೂರುವ ಹೊತ್ತಿನಲ್ಲಿ ತೀರಿಕೊಂಡವರ ಹೆಸರು ಹೇಳಿ ನೆನೆಯುವ ದಿನ. ನಮ್ಮ ಭಾಷೆಯಲ್ಲಿ ಸಾವಿನ ಹಬ್ಬವೆಂದೇ ಆಗುತ್ತದೆ ಎಂದು ಹೇಳಿದಾಗ ಜೋನ್ ಬೆರಗಾದಳು. ಪುಸ್ತಕ ಮತ್ತೆ ಹೊರಬಂತು.

ಹಬ್ಬಕ್ಕೆ ಎರಡು ದಿನ ಮುಂಚೆ ಪೀಟರ್ ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡು ಇಳಿದು ಬಂದ. ನಿಮ್ಮ ದೊಡ್ಡವ್ವನ ಹೆಸರನ್ನು ನಾವೂ ಹೇಳಬಹುದೇ, ಬೇಡವೆಂದರೆ ಹೇಳುವುದಿಲ್ಲ ಎಂದ. ಯೋಚಿಸುತ್ತೇನೆ ಎಂದೆ. ಮರುದಿನ ನಾನೇ ನಿಲ್ದಾಣಕ್ಕೆ ಹೋಗಿ ಹೆಸರು ಕಲಿಸಿದೆ. ಬಸ್ಸಿನಲ್ಲಿ ಕೂತ ಮೂವರು ಮುದುಕಿಯರು ಗಡಿಯಾರ ನೋಡಿಕೊಳ್ಳುತ್ತಾ ಕಾದರು. "ದು" ಅವನಿಗೆ ಏನು ಮಾಡಿದರೂ ಬರಲಿಲ್ಲ.

ಹೊತ್ತು ಮುಳುಗುವ ಮುಂಚೆ ಜೋನ್‌ಳ ಹಿತ್ತಲಲ್ಲಿ ಸೇಬಿನ ಮರದ ಕೆಳಗೆ ಎಲ್ಲರೂ ಸುತ್ತುಗಟ್ಟಿ ನಿಂತರು. ನಾನು ದೇವರನ್ನು ನಂಬುವವಳಲ್ಲ, ಬೌದ್ಧಳು ಎಂದೆ. ನಿಂತರೆ ಸಾಕು ಎಂದಳು ಜೋನ್. ಆ ಕಪ್ಪು ಹಿಡಿಯ ಚಾಕುವಿನಿಂದ ಅವಳು ನಮ್ಮ ಸುತ್ತ ಗೆರೆ ಎಳೆದಳು. ಮೂಡಣಕ್ಕೆ ಗಾಳಿ, ತೆಂಕಣಕ್ಕೆ ಬೆಂಕಿ, ಪಡುವಣಕ್ಕೆ ನೀರು, ಬಡಗಣಕ್ಕೆ ಮಣ್ಣು ಎಂದು ನಾಲ್ಕು ದಿಕ್ಕನ್ನೂ ಕರೆದರು. ನಡುವೆ ಮಳೆ ಹನಿದು ಎಲ್ಲ ಬತ್ತಿಗಳೂ ಆರಿದವು. ಪೀಟರ್ ಬಸ್ಸಿನಲ್ಲಿ ಇಟ್ಟುಕೊಳ್ಳುವ ಬ್ಯಾಟರಿ ತಂದು ಹುಲ್ಲಿನ ಮೇಲೆ ಇಟ್ಟ. ಬೆಂಕಿಯ ಜಾಗದಲ್ಲಿ ಬ್ಯಾಟರಿ. ಯಾರೂ ಅಪಶಕುನ ಎನ್ನಲಿಲ್ಲ.

ಒಬ್ಬೊಬ್ಬರೂ ಹೆಸರು ಹೇಳತೊಡಗಿದರು. ಅಮ್ಮ, ಗಂಡ, ಹುಟ್ಟುತ್ತಲೇ ಹೋದ ಮಗು. ನನ್ನ ಸರದಿ ಬಂತು. ದುರುಗವ್ವ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳ ಹೆಸರನ್ನು ಹಿರಿಯರ ಮುಂದೆ ಹೇಳಿದವಳು ನಾನು ಎಂದೂ ಹೇಳಿದೆ. ಯಾರೂ ಬಂದು ತಬ್ಬಿಕೊಳ್ಳಲಿಲ್ಲ, ಅಯ್ಯೋ ಎನ್ನಲಿಲ್ಲ. ಸುತ್ತಿನಲ್ಲಿದ್ದವರು ಒಬ್ಬರಾದ ಮೇಲೊಬ್ಬರು ಹೆಸರನ್ನು ಹೇಳುತ್ತಾ ಬಂದರು. ಡುರುಗವ್ವ. ಡುರುಗವ್ವ.

ಹಲ್ಲು ಹೋದ ಮೇಲೆ ದೊಡ್ಡವ್ವನ ನಾಲಿಗೆಗೆ ಆನಿಕೊಳ್ಳಲು ಜಾಗವಿರಲಿಲ್ಲ. ಅದು ಹಿಂದೆ ಸರಿದು ಮೇಲಿನ ಒಸಡು ಹುಡುಕುತ್ತಿತ್ತು. ಅಪ್ಪನ ಜೊತೆ ಮಾನ್ವಿಗೆ ಹೋದಾಗ ಕೇಳಿದ್ದೆ, ರೇಷನ್ ಅಂಗಡಿಯವನು ಹೆಸರು ಕೇಳಿದರೆ ಅವಳು ಹೇಳುತ್ತಿದ್ದುದು ಹೀಗೆಯೇ, ಡುರುಗವ್ವ ಎಂದು. ಎಷ್ಟೋ ವರ್ಷದ ಮೇಲೆ ಆ ದನಿ ಮತ್ತೆ ಕೇಳಿಸಿತು, ಅದೂ ಆರು ಬಾಯಿಗಳಿಂದ. ನಾನು ಹುಲ್ಲಿನ ಮೇಲೆ ಕೂತುಬಿಟ್ಟೆ. ಜೋನ್ ನೋಯುವ ಮೊಣಕಾಲನ್ನು ಮಡಿಸಿ ನನ್ನ ಪಕ್ಕ ಕೂತಳು. ಆಮೇಲೆ ಅವಳನ್ನು ಎಬ್ಬಿಸಲು ಇಬ್ಬರು ಬೇಕಾದರು.

ಮಾನ್ವಿ

ಊರಿಗೆ ಬಂದ ವಾರಕ್ಕೆ ಮಾನ್ವಿಯ ಬಸ್ಸು ಹತ್ತಿದೆ. ದೊಡ್ಡವ್ವನ ಮಗಳು ಈರಮ್ಮಕ್ಕ ಅಲ್ಲಿದ್ದಾಳೆ. ಅಂಗನವಾಡಿಯಲ್ಲಿ ಸಹಾಯಕಿಯಾಗಿ ದುಡಿದು ಈಗ ಮನೆಯಲ್ಲಿದ್ದಾಳೆ. ನಾನು ಹೋದಾಗ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎಲ್ಲ ಹೇಳಿದೆ. ಜೋನ್, ಚಾಕು, ಪೀಟರ್, ಕೊನೆಗೆ ಜ್ವರದ ದಿನ. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

"ನಮಗ ಗೊತ್ತಿತ್ತು," ಎಂದಳು. "ಕೂಸು ಖರೇನ ಹೇಳ್ಯಾದ, ಕೇಳಿದವರದು ತಪ್ಪು ಅಂತಿದ್ಲು ಅವ್ವ. ಸಾಯೋತನಕ ಅದನ್ನ ಅಂದ್ಲು."

ನನ್ನ ಕಣ್ಣು ತುಂಬಿದವು. ಆಗ ಅವಳು ಮೊರ ಕೆಳಗಿಟ್ಟಳು.

"ನನಗ ಹಂಗಿಲ್ಲ. ನನಗ ಸಿಟ್ಟದ. ಅಲ್ಲಿ ಬಸ್ ಡ್ರೈವರ್ ಮುಂದ ಹೇಳಿದಿ. ರಾಯಚೂರಿಂದ ಇಲ್ಲಿಗಿ ತಾಸಿನ ಹಾದಿ. ನನ್ನ ಮುಂದ ಹೇಳಾಕ ನಿನಗ ವಿಮಾನ ಹತ್ತಬೇಕಾತೇನು?"

ಅವಳು ರೊಟ್ಟಿ ಬಡಿದು ಹಾಕಿದಳು, ತಿಂದೆ. ಹೋಗಿ ಬರ್ತೀನಿ ಎಂದಾಗ ಮತ್ತೆ ಮೊರ ಎತ್ತಿಕೊಂಡಳು. ಮೂರು ವಾರ ನಾನು ಫೋನ್ ಮಾಡಿದರೆ ಎತ್ತಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ತಾನೇ ಫೋನ್ ಮಾಡಿದಳು. ಹತ್ತಿರದ ಹಳ್ಳಿಯಲ್ಲಿ ಒಂದು ಹುಡುಗಿಗೆ ನಾಲ್ಕು ದಿನದಿಂದ ಜ್ವರ, ಭಾನಾಮತಿ ಅನ್ನುತ್ತಿದ್ದಾರೆ, ಕೂಡಲೇ ಬಾ ಎಂದಳು.

"ಹೆಸರು ಹೇಳು ಹೇಳು ಅಂತ ಕುಂತಾರ. ನೀ ನರ್ಸಮ್ಮ ಆಗಿ ಬರಬ್ಯಾಡ. ನರ್ಸಮ್ಮಗಳ ಮಾತು ಅವರು ಬಾಳ ಕೇಳ್ಯಾರ. ಅವತ್ತು ಹೆಸರು ಹೇಳಿದ ಹುಡುಗಿ ಆಗಿ ಬಾ."

ಮಧ್ಯಾಹ್ನದ ಹೊತ್ತಿಗೆ ಆ ಮನೆಯಲ್ಲಿದ್ದೆವು. ಹುಡುಗಿಗೆ ಹನ್ನೊಂದೋ ಹನ್ನೆರಡೋ. ಹಣೆ ಕೆಂಡದ ಹಾಗೆ ಸುಡುತ್ತಿತ್ತು. ಸುತ್ತ ಏಳೆಂಟು ಜನ, ತಲೆಯ ಹತ್ತಿರ ಅಜ್ಜಿ. ನಾನು ಅಜ್ಜಿಯ ಎದುರು ನೆಲದ ಮೇಲೆ ಕೂತೆ.

"ಯವ್ವಾ, ನಾನೂ ಹಿಂಗ ಮಲಗಿದ್ದೆ. ನನ್ನೂ ಹಿಂಗ ಕೇಳಿದ್ರು. ನಾ ಒಂದು ಹೆಸರು ಹೇಳಿದೆ. ಆ ಹೆಸರಿನಾಕಿ ಮಗಳು ಇಕಿ."

ಈರಮ್ಮಕ್ಕ ಬಾಗಿಲಲ್ಲಿ ನಿಂತೇ ತನ್ನ ಅವ್ವನ ಬಾಯಿಗೆ ಏನಾಯಿತು ಎಂಬುದನ್ನು ಹೇಳಿದಳು. ದನಿ ಏರಿಸಲಿಲ್ಲ. ಮುದುಕನೊಬ್ಬ ನಡುವೆ ಏನೋ ಅನ್ನಲು ಹೋದ. ಅಜ್ಜಿ ಕೈ ಮಾಡಿ ಅವನನ್ನು ತಡೆದಳು. ಆಮೇಲೆ ಎದ್ದು, ಮೊಮ್ಮಗಳಿಗೆ ಹೊದಿಸಲು ತನ್ನ ಸೀರೆಯೊಂದನ್ನು ತಂದಳು. ಹುಡುಗಿಯ ಅಪ್ಪ ಆಟೋ ಕರೆಯಲು ಓಡಿದ.

ದವಾಖಾನೆಯ ಹಾದಿಯಲ್ಲಿ ಹುಡುಗಿ ಒಮ್ಮೆ ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು, ಈರಮ್ಮಕ್ಕನನ್ನು ನೋಡಿದಳು.

"ನಾ ಯಾರ ಹೆಸರೂ ಹೇಳಿಲ್ರಿ," ಎಂದಳು.

"ಹೌದವ್ವ, ಹೇಳಿಲ್ಲ," ಎಂದು ಈರಮ್ಮಕ್ಕ ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.